ಕಂದೀಲು, ಪಗಾರ, ಮಾಸ್ತರ: ಚಿಕ್ಕೋಡಿ ಸೀಮೆಯ ದಿನಬಳಕೆಯ ಮಾತಿನಲ್ಲಿ ಲ್ಯಾಟಿನ್ ಬೇರುಗಳು

1. ಪ್ರಶ್ನೆಯ ಸ್ವರೂಪ

ಇಂಗ್ಲಿಷಿನ ದಿನಬಳಕೆಯ ಪದಗಳಿಗೆ ಲ್ಯಾಟಿನ್ ಮೂಲವನ್ನು ತೋರಿಸುವುದು ಭಾಷಾವಿಜ್ಞಾನದ ತರಗತಿಗಳಲ್ಲಿ ಬಹುಕಾಲದಿಂದ ನಡೆದುಬಂದ ಅಭ್ಯಾಸ. ನಾರ್ಮನ್ನರ ಆಕ್ರಮಣ, ಕ್ರೈಸ್ತಮತದ ಪ್ರವೇಶ, ಪುನರುಜ್ಜೀವನ ಕಾಲದ ವಿದ್ವತ್ತು ಎಂಬ ಮೂರು ಘಟ್ಟಗಳನ್ನು ವಿದ್ಯಾರ್ಥಿಗಳು ಬಾಯಿಪಾಠ ಮಾಡುತ್ತಾರೆ. ಆದರೆ ಅದೇ ಲ್ಯಾಟಿನ್ ಬೇರುಗಳ ಟಿಸಿಲುಗಳು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಪೇಟೆಯ ಮಾತಿನಲ್ಲಿಯೂ ಇವೆ ಎಂಬುದರ ಕಡೆಗೆ ನಮ್ಮ ಗಮನ ಹೋದದ್ದು ಕಡಿಮೆ. ಇಲ್ಲಿಯ ಕೂಲಿಕಾರ ‘ಪಗಾರ’ ಎಣಿಸುವಾಗ, ಮುದುಕಿ ‘ಕಂದೀಲು’ ಒರೆಸುವಾಗ, ಹುಡುಗ ‘ಮಾಸ್ತರ’ರಿಗೆ ನಮಸ್ಕರಿಸುವಾಗ ಬಳಕೆಯಾಗುವ ಮಾತುಗಳು ಮೂರು ಬೇರೆ ಬೇರೆ ದಾರಿಗಳಿಂದ ಬಂದ ಲ್ಯಾಟಿನ್ ಮೂಲದ ಪದಗಳು.

ಪ್ರಸ್ತುತ ಲೇಖನದಲ್ಲಿ ನಾವು ಈ ಮೂರು ದಾರಿಗಳನ್ನು ಬೇರ್ಪಡಿಸಿ ತೋರಿಸಲು ಯತ್ನಿಸುತ್ತೇವೆ. ನಮ್ಮ ಆಧಾರ ಮುಖ್ಯವಾಗಿ ಧ್ವನಿರೂಪ. ಅರ್ಥಸಾಮ್ಯಕ್ಕೆ ಎರಡನೆಯ ಸ್ಥಾನ. ಪದವೊಂದನ್ನು ನಮ್ಮ ಭಾಷೆ ನೇರವಾಗಿ ಯಾವ ಭಾಷೆಯಿಂದ ಪಡೆಯಿತೋ ಅದನ್ನು ಸಮೀಪಮೂಲವೆಂದೂ, ಅದರಾಚೆಗೆ ನಿರುಕ್ತದಿಂದ ತಲುಪಬಹುದಾದುದನ್ನು ದೂರಮೂಲವೆಂದೂ ಕರೆಯುತ್ತೇವೆ. ಗಡಿಭಾಗದ ಭಾಷಾವಾದಗಳಲ್ಲಿ ಪದವೊಂದು ‘ಯಾರದು’ ಎಂಬ ಪ್ರಶ್ನೆ ಪದೇಪದೇ ಏಳುವುದರಿಂದ ಈ ಭೇದ ಕೇವಲ ಪಾರಿಭಾಷಿಕವಾದುದಲ್ಲ.

2. ನೆಲ ಮತ್ತು ಆಡಳಿತ

ಈ ಐದು ತಾಲೂಕುಗಳು ಇಂದು ಬೆಳಗಾವಿ ಜಿಲ್ಲೆಯಲ್ಲಿ ಒಟ್ಟಿಗೆ ಇದ್ದರೂ ಅವುಗಳ ಆಡಳಿತದ ಇತಿಹಾಸ ಒಂದೇ ಅಲ್ಲ. ವಿಜಯಪುರದ ಆದಿಲಶಾಹಿಯ ಕಾಲದಲ್ಲಿ ಇಲ್ಲಿ ಫಾರಸಿ ಆಡಳಿತಭಾಷೆಯ ಪ್ರಭಾವ ನೆಲೆಯೂರಿತು. ಅನಂತರ ಮರಾಠರ ಆಳಿಕೆ. 1818ರಲ್ಲಿ ಪೇಶವೆ ಪ್ರಭುತ್ವ ಕೊನೆಗೊಂಡ ಮೇಲೆ ಈ ಪ್ರದೇಶದ ಬಹುಭಾಗ ಹಂತಹಂತವಾಗಿ ಕಂಪನಿ ಸರಕಾರದ ಕೈಸೇರಿತು. 1836ರಲ್ಲಿ ಧಾರವಾಡದಿಂದ ಬೇರ್ಪಡಿಸಿ ಬೆಳಗಾವಿ ಜಿಲ್ಲೆಯನ್ನು ರಚಿಸಲಾಯಿತು. ಚಿಕ್ಕೋಡಿ, ಅಥಣಿಗಳು ಮುಂಬಯಿ ಪ್ರಾಂತ್ಯದ ತಾಲೂಕುಗಳಾದರೆ, ರಾಯಬಾಗವು ಕೊಲ್ಹಾಪುರ ಸಂಸ್ಥಾನದಲ್ಲಿದ್ದು, ಸಂಸ್ಥಾನದ ವಿಲೀನದ ಬಳಿಕವೇ ಜಿಲ್ಲೆಗೆ ಸೇರಿತು. 1956ರ ನವೆಂಬರ್ 1ರಂದು ಈ ಭಾಗವೆಲ್ಲ ಮೈಸೂರು ರಾಜ್ಯದಲ್ಲಿ ಒಂದಾಯಿತು. ನಿಪ್ಪಾಣಿ ಮತ್ತು ಕಾಗವಾಡಗಳು ಅನುಕ್ರಮವಾಗಿ ಚಿಕ್ಕೋಡಿ ಮತ್ತು ಅಥಣಿಗಳಿಂದ ಬೇರ್ಪಟ್ಟು ತಾಲೂಕುಗಳಾದದ್ದು ತೀರ ಇತ್ತೀಚೆಗೆ.

ಪದಗಳ ಸಂಚಾರಕ್ಕೆ ಈ ಇತಿಹಾಸವೇ ಹಾಸುಗಲ್ಲು. ಫಾರಸಿ ಪದಗಳು ವಿಜಯಪುರದ ದಫ್ತರಗಳಿಂದಲೂ ದಖನಿ ಮಾತಿನಿಂದಲೂ ಬಂದವು. ಗೋವೆಯು 1510ರಲ್ಲಿ ಆದಿಲಶಾಹಿಯ ಕೈತಪ್ಪಿ ಪೋರ್ಚುಗೀಸರ ವಶವಾಯಿತು. ಆದರೆ ಘಟ್ಟದ ಮೇಲಿನ ಪೇಟೆಗಳಿಗೂ ಕರಾವಳಿಗೂ ನಡುವಣ ವ್ಯಾಪಾರ ನಿಲ್ಲಲಿಲ್ಲ. ಹಾಗಾಗಿ ಪೋರ್ಚುಗೀಸ್ ಪದಗಳು ಕೊಂಕಣಿ ಹಾಗೂ ಮರಾಠಿಗಳ ಮೂಲಕ ಘಟ್ಟವೇರಿದವು. 19ನೆಯ ಶತಮಾನದಲ್ಲಿ ಮುಂಬಯಿ ಸರಕಾರದ ಕಚೇರಿ, ಶಾಲೆ, ರೈಲುಗಳ ಜೊತೆಗೆ ಇಂಗ್ಲಿಷ್ ಬಂದಿತು. ಆ ಶತಮಾನದ ಮಧ್ಯಭಾಗದವರೆಗೆ ಇಲ್ಲಿಯ ಸರಕಾರಿ ಶಾಲೆಗಳಲ್ಲಿ ಮರಾಠಿಯೇ ಪ್ರಧಾನವಾಗಿತ್ತು. ಡೆಪ್ಯುಟಿ ಚನ್ನಬಸಪ್ಪನವರಂಥವರ ಪ್ರಯತ್ನದಿಂದ ಕನ್ನಡ ಶಾಲೆಗಳು ಹೆಚ್ಚಿದವು. ಆದಕಾರಣ ಇಂಗ್ಲಿಷ್ ಪದಗಳೂ ಎಷ್ಟೋ ಸಲ ಮರಾಠಿಯ ಉಚ್ಚಾರದ ಹೊದಿಕೆಯಲ್ಲಿಯೇ ಕನ್ನಡಕ್ಕೆ ಬಂದವು.

3. ಪೂರ್ವದ ದಾರಿ

ಮೂರರಲ್ಲಿ ಅತಿ ದೀರ್ಘವಾದ ದಾರಿ ‘ಕಂದೀಲು’ ಪದದ್ದು. ಲ್ಯಾಟಿನ್ನಿನಲ್ಲಿ ‘ಕಾಂಡೇರೆ’ ಎಂದರೆ ಹೊಳೆಯುವುದು; ಅದರಿಂದ ‘ಕಾಂಡೇಲಾ’, ಉರಿಯುವ ಬತ್ತಿ. ರೋಮನ್ ಸಾಮ್ರಾಜ್ಯದ ಪೂರ್ವಭಾಗದಲ್ಲಿ ಗ್ರೀಕ್ ಇದನ್ನು ಎರವಲು ಪಡೆಯಿತು. ಅಲ್ಲಿಂದ ಪಶ್ಚಿಮ ಏಷ್ಯದ ಭಾಷೆಗಳನ್ನು ಹಾದು ಅರಬ್ಬಿಯಲ್ಲಿ ‘ಕಂದೀಲ್’ ಆಯಿತು. ಅರಬ್ಬಿಯಿಂದ ಫಾರಸಿಗೆ, ಫಾರಸಿಯಿಂದ ದಖನಿ ಮತ್ತು ಮರಾಠಿಗೆ, ಅಲ್ಲಿಂದ ನಮ್ಮ ಕನ್ನಡಕ್ಕೆ ಅದು ಬಂದಿತು. ಇತ್ತ ಇಂಗ್ಲಿಷಿನ ‘ಕ್ಯಾಂಡಲ್’ ಕೂಡ ಅದೇ ಕಾಂಡೇಲಾದ ಸಂತಾನ. ಕ್ರೈಸ್ತ ಪಾದ್ರಿಗಳ ಜೊತೆ ಪ್ರಾಚೀನ ಇಂಗ್ಲಿಷಿಗೆ ಪ್ರವೇಶಿಸಿದ ಪದವದು. ಹೀಗಾಗಿ ಕಂದೀಲು ಇಂಗ್ಲಿಷಿನಿಂದ ಬಂದದ್ದಲ್ಲ, ಇಂಗ್ಲಿಷ್ ಪದದ ಒಡಹುಟ್ಟು. ಎರಡನೆಯ ಅಕ್ಷರದ ದೀರ್ಘ ‘ಈ’ಕಾರವೇ ಇದಕ್ಕೆ ಸಾಕ್ಷಿ. ಅರಬ್ಬಿಯ ಸ್ವರಗಳಲ್ಲಿ ದೀರ್ಘ ‘ಏ’ಕಾರಕ್ಕೆ ಸ್ಥಾನವಿಲ್ಲದ್ದರಿಂದ ‘ಏ’ ಎಂಬುದು ‘ಈ’ ಆಯಿತು. ಇಂಗ್ಲಿಷ್ ಪದದಲ್ಲಿ ಆ ಸ್ವರ ಒತ್ತಿಲ್ಲದೆ ಕರಗಿಹೋಗಿದೆ.

ಇನ್ನೂ ಹಿಂದಕ್ಕೆ ಹೋದರೆ, ‘ಕಾಂಡೇರೆ’ಯ ಇಂಡೋ-ಯುರೋಪಿಯನ್ ಧಾತುವಿನಿಂದಲೇ ಸಂಸ್ಕೃತದ ‘ಚಂದ್ರ’ ಹುಟ್ಟಿದೆ. ಚಂದ್ರನೂ ಕಂದೀಲೂ ಕನ್ನಡದಲ್ಲಿ ಎರಡೂ ಎರವಲು. ಎರಡೂ ಒಂದೇ ಧಾತುವಿನವು. ಆದರೆ ಒಂದನ್ನು ನಾವು ತತ್ಸಮವೆಂದು ಗೌರವಿಸುತ್ತೇವೆ, ಇನ್ನೊಂದನ್ನು ಅನ್ಯದೇಶ್ಯವೆಂದು ಪಕ್ಕಕ್ಕಿಡುತ್ತೇವೆ. ವ್ಯಾಕರಣದ ಈ ವರ್ಗಗಳು ದಾರಿಯನ್ನು ಸೂಚಿಸುತ್ತವೆಯೇ ಹೊರತು ರಕ್ತಸಂಬಂಧವನ್ನಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

4. ಗೋವೆಯ ದಾರಿ

ಏಷ್ಯದ ಭಾಷೆಗಳಲ್ಲಿಯ ಪೋರ್ಚುಗೀಸ್ ಪದಗಳನ್ನು ಮೊದಲು ವ್ಯವಸ್ಥಿತವಾಗಿ ಸಂಗ್ರಹಿಸಿದವರು ಗೋವೆಯವರೇ ಆದ ಸೆಬಾಸ್ತಿಯಾವ್ ರೊದೊಲ್ಫೊ ದಾಲ್ಗಾದೊ. ಅವರ ಗ್ರಂಥ 1913ರಲ್ಲಿ ಪ್ರಕಟವಾಯಿತು, ಎ. ಎಕ್ಸ್. ಸೋರೆಸರ ಇಂಗ್ಲಿಷ್ ಅನುವಾದ 1936ರಲ್ಲಿ ಬರೋಡಾದಿಂದ ಹೊರಬಂದಿತು. ಈ ವರ್ಗದ ಪದಗಳಲ್ಲಿ ನಮ್ಮ ಸೀಮೆಯಲ್ಲಿ ಬಳಕೆಯಲ್ಲಿರುವ ‘ಚಾವಿ’, ‘ಪಗಾರ’, ‘ಪಾವು’, ‘ಲಿಲಾವು’ ಎಂಬ ನಾಲ್ಕನ್ನು ಇಲ್ಲಿ ಪರಿಶೀಲಿಸುತ್ತೇವೆ.

‘ಚಾವಿ’ಯ ದೂರಮೂಲ ಲ್ಯಾಟಿನ್ನಿನ ‘ಕ್ಲಾವಿಸ್’. ಪದಾದಿಯ ‘ಕ್ಲ’ ಪೋರ್ಚುಗೀಸಿನಲ್ಲಿ ನಿಯತವಾಗಿ ‘ಚ’ ಆಗಿದೆ: ‘ಕ್ಲಾಮಾರೆ’ಯಿಂದ ಕರೆಯುವುದು ಎಂಬರ್ಥದ ‘ಚಮಾರ್’ ಬಂದಂತೆ ‘ಕ್ಲಾವಿಸ್’ನಿಂದ ‘ಚಾವೆ’. ಇದೇ ಪದ ಇಟಾಲಿಯನ್ನಿನಲ್ಲಿ ‘ಕ್ಯಾವೆ’, ಫ್ರೆಂಚಿನಲ್ಲಿ ‘ಕ್ಲೆ’. ಆದ್ದರಿಂದ ನಮ್ಮ ಪದದ ಮೊದಲ ವ್ಯಂಜನವೊಂದೇ ಅದು ಬಂದ ಹಡಗನ್ನು ಗುರುತಿಸಿಕೊಡುತ್ತದೆ. ಇನ್ನೊಂದು ಸೂಕ್ಷ್ಮವಿದೆ. ಇಂದಿನ ಲಿಸ್ಬನ್ನಿನ ಉಚ್ಚಾರದಲ್ಲಿ ಆ ‘ಚ’ ಸವೆದು ‘ಶ’ ಆಗಿದೆ. ನಮ್ಮ ರೂಪದಲ್ಲಿ ‘ಚ’ ಉಳಿದಿರುವುದು ಆ ಬದಲಾವಣೆ ಸಾರ್ವತ್ರಿಕವಾಗುವ ಮೊದಲಿನ ಉಚ್ಚಾರವನ್ನು ಭಾರತದ ಭಾಷೆಗಳು ಕಾಪಾಡಿಕೊಂಡಿವೆ ಎಂಬುದನ್ನು ತೋರಿಸುತ್ತದೆ. ಕೊನೆಯ ‘ಎ’ಕಾರ ಮರಾಠಿಯಲ್ಲಿ ‘ಈ’ ಆದದ್ದಕ್ಕೆ ಸ್ತ್ರೀಲಿಂಗದ ಸಾಮಾನ್ಯ ಪ್ರತ್ಯಯದ ಸೆಳೆತ ಕಾರಣ. ಲ್ಯಾಟಿನ್ನಿನಲ್ಲಿ, ಪೋರ್ಚುಗೀಸಿನಲ್ಲಿ, ಮರಾಠಿಯಲ್ಲಿ ಸ್ತ್ರೀಲಿಂಗವಾಗಿದ್ದ ಈ ಪದ ಕನ್ನಡಕ್ಕೆ ಬಂದೊಡನೆ ನಪುಂಸಕವಾಯಿತು. ಎರಡು ಸಾವಿರ ವರ್ಷ ಹೊತ್ತುಬಂದ ಲಿಂಗವನ್ನು ಅದು ನಮ್ಮ ವ್ಯಾಕರಣದ ಬಾಗಿಲಲ್ಲಿ ಬಿಟ್ಟಿತು.

‘ಪಗಾರ’ದ ಸಮೀಪಮೂಲ ಮರಾಠಿ, ಅದರಾಚೆಗೆ ಹಣ ಸಲ್ಲಿಸುವುದು ಎಂಬರ್ಥದ ಪೋರ್ಚುಗೀಸ್ ಕ್ರಿಯಾಪದ ‘ಪಗಾರ್’, ಅದರಾಚೆಗೆ ಲ್ಯಾಟಿನ್ನಿನ ‘ಪಾಕಾರೆ’, ಅಂದರೆ ಸಮಾಧಾನಪಡಿಸುವುದು. ಶಾಂತಿ ಎಂಬರ್ಥದ ‘ಪಾಕ್ಸ್’ ಇದರ ಬೇರು. ಸಾಲಗಾರನು ಸಾಲಕೊಟ್ಟವನನ್ನು ಹಣದಿಂದ ಸಮಾಧಾನಪಡಿಸುತ್ತಾನೆ ಎಂಬ ಗ್ರಹಿಕೆಯಿಂದ ಅರ್ಥ ಜಾರಿದೆ. ಪೋರ್ಚುಗೀಸಿನಲ್ಲಿ ಒತ್ತು ಬೀಳುವ ಎರಡನೆಯ ಅಕ್ಷರವೇ ನಮ್ಮಲ್ಲಿ ದೀರ್ಘವಾಗಿದೆ. ಕ್ರಿಯೆಯ ಹೆಸರು ಇಲ್ಲಿ ನಾಮಪದವಾಗಿ ನೆಲೆಸಿ, ‘ಪಗಾರ ಆತು’, ‘ಪಗಾರ ಕೊಟ್ಟರು’ ಎಂಬಂತೆ ಕನ್ನಡದ ಕ್ರಿಯಾಪದಗಳನ್ನು ಜೊತೆಗೂಡಿಸಿಕೊಂಡಿದೆ. ಬೀಡಿ ಹೊಗೆಸೊಪ್ಪಿನ ವ್ಯಾಪಾರಕ್ಕೆ ಹೆಸರಾದ ನಿಪ್ಪಾಣಿಯಲ್ಲಿ ಈ ಪದದ ತೂಕ ಬೇರೆಯೇ. ವಖಾರಗಳಲ್ಲಿ ತಂಬಾಕು ಕುಟ್ಟಿ ಜರಡಿ ಹಿಡಿಯುವ ಹೆಂಗಸರಿಗೆ ವಾರದ ಬದುಕೇ ಪಗಾರದ ಮೇಲೆ ನಿಂತದ್ದು. ‘ಸಮಾಧಾನಪಡಿಸುವುದು’ ಎಂಬ ಮೂಲಾರ್ಥ ಅಲ್ಲಿ ಎಷ್ಟರಮಟ್ಟಿಗೆ ಉಳಿದಿತ್ತೆಂಬುದು ನಿರುಕ್ತಕಾರನು ಉತ್ತರಿಸಬಲ್ಲ ಪ್ರಶ್ನೆಯಲ್ಲ.

‘ಪಾವು’ ಲ್ಯಾಟಿನ್ನಿನ ‘ಪಾನಿಸ್’ನಿಂದ, ಪೋರ್ಚುಗೀಸಿನ ‘ಪಾಂವ್’ ಮೂಲಕ ಬಂದದ್ದು. ಮಾತೃರೂಪದ ಅನುನಾಸಿಕ ಸಂಧ್ಯಕ್ಷರ ನಮ್ಮಲ್ಲಿ ‘ಆವು’ ಆಗಿದೆ. ಇದೇ ಸಾದೃಶ್ಯ ‘ಲಿಲಾವು’ ಪದದಲ್ಲಿಯೂ ಕಾಣುತ್ತದೆ: ಪೋರ್ಚುಗೀಸಿನ ‘ಲೈಲಾಂವ್’, ಮರಾಠಿಯ ‘ಲಿಲಾವ’, ನಮ್ಮ ‘ಲಿಲಾವು’. ಆದರೆ ಲಿಲಾವಿಗೆ ಲ್ಯಾಟಿನ್ ಬೇರಿಲ್ಲ. ಘೋಷಣೆ ಎಂಬರ್ಥದ ಅರಬ್ಬಿ ಪದದಿಂದ ಪೋರ್ಚುಗೀಸರು ಅದನ್ನು ಪಡೆದರೆಂಬುದು ನಿರುಕ್ತಕಾರರ ಸಾಮಾನ್ಯ ಅಭಿಪ್ರಾಯ. ನಮ್ಮ ಇನ್ನೊಂದು ಪದ ‘ಹರಾಜು’ ಕೂಡ ಅರಬ್ಬಿ ಮೂಲದ್ದೇ. ಒಂದು ಐಬೀರಿಯವನ್ನು ಸುತ್ತಿ ಸಮುದ್ರದ ಮೇಲಿನಿಂದ ಬಂದಿತು, ಇನ್ನೊಂದು ಇರಾನಿನ ನೆಲದ ಮೇಲಿನಿಂದ. ಬೆಲ್ಲದ ಪೆಂಟೆಗಳ ಮುಂದೆ ಕೂಗುವ ಸವಾಲಿಗೆ ಎರಡೂ ಹೆಸರಾದವು. ಪೋರ್ಚುಗೀಸ್ ಮೂಲದ ಪದವೆಲ್ಲ ಲ್ಯಾಟಿನ್ ಮೂಲದ್ದಲ್ಲ ಎಂಬ ಎಚ್ಚರಕ್ಕೆ ಇದೊಂದು ಉದಾಹರಣೆ ಸಾಕು.

5. ಮುಂಬಯಿಯ ದಾರಿ

ಇಂಗ್ಲಿಷಿನ ಮೂಲಕ ಬಂದ ಪದಗಳಲ್ಲಿ ಇಂಗ್ಲಿಷಿನ ಒಳಗಿನ ಸ್ತರಗಳೇ ಗೋಚರಿಸುತ್ತವೆ. ರಸ್ತೆಯ ‘ಮೈಲು’ ಅತ್ಯಂತ ಹಳೆಯ ಸ್ತರಕ್ಕೆ ಸೇರಿದ್ದು. ಸಾವಿರ ಹೆಜ್ಜೆಗಳ ಅಳತೆಯನ್ನು ಸೂಚಿಸುವ ಲ್ಯಾಟಿನ್ ‘ಮೀಲಿಯಾ’ ಪದವನ್ನು ಜರ್ಮಾನಿಕ್ ಜನರು ರೋಮನ್ನರ ಸಂಪರ್ಕದಲ್ಲಿಯೇ ಪಡೆದಿದ್ದರು. ಗೌಂಡಿಯ ‘ಇಂಚು’ ಕೂಡ ಅಷ್ಟೇ ಹಳೆಯದು: ಹನ್ನೆರಡನೆಯ ಒಂದು ಭಾಗ ಎಂಬರ್ಥದ ‘ಉಂಕಿಯಾ’ದಿಂದ ಅದು ಬಂದಿತು. ಅದೇ ಉಂಕಿಯಾ ಮತ್ತೊಮ್ಮೆ, ಫ್ರೆಂಚಿನ ಮೂಲಕ, ‘ಔನ್ಸ್’ ಆಗಿ ಇಂಗ್ಲಿಷಿಗೆ ಬಂದಿತು. ಮೊದಲ ಪದ ಅಡಿಯ ಹನ್ನೆರಡನೆಯ ಭಾಗ, ಎರಡನೆಯದು ರೋಮನ್ ಪೌಂಡಿನ ಹನ್ನೆರಡನೆಯ ಭಾಗ. ಒಂದೇ ಲ್ಯಾಟಿನ್ ಪದ ನಮ್ಮಲ್ಲಿ ಗೌಂಡಿಯ ಅಳತೆಪಟ್ಟಿಗೂ ದವಾಖಾನೆಯ ಔಷಧದ ಸೀಸೆಗೂ ಬೇರೆ ಬೇರೆ ವೇಷದಲ್ಲಿ ತಲುಪಿದೆ.

ಎರಡನೆಯ ಸ್ತರ ನಾರ್ಮನ್ ಫ್ರೆಂಚಿನದು. ‘ಕೋರ್ಟು’ ಎಂಬುದು ಬೇಲಿ ಹಾಕಿದ ಅಂಗಳ ಎಂಬರ್ಥದ ‘ಕೊಹೋರ್ಸ್’ನಿಂದ ಬಂದದ್ದು; ಅರಸನ ಅಂಗಳವು ನ್ಯಾಯದ ಸ್ಥಾನವಾಯಿತು. ‘ಜಡ್ಜ’ ಲ್ಯಾಟಿನ್ನಿನ ‘ಯೂಡೆಕ್ಸ್’ನಿಂದ ಬಂದಿದೆ. ಮೂರನೆಯ ಸ್ತರ ವಿದ್ಯೆ ಮತ್ತು ಯಂತ್ರಗಳದು: ಚಲಿಸುವುದು ಎಂಬರ್ಥದ ‘ಮೊವೇರೆ’ಯಿಂದ ‘ಮೋಟಾರು’, ಮಾಡುವುದು ಎಂಬರ್ಥದ ‘ಫಾಕೆರೆ’ಯಿಂದ ‘ಫ್ಯಾಕ್ಟರಿ’. ಉಗಾರದಲ್ಲಿ 1939ರಲ್ಲಿ ಆರಂಭವಾದ ಸಕ್ಕರೆ ಉದ್ಯಮದ ಕಾಲದಿಂದಲೂ ‘ಫ್ಯಾಕ್ಟರಿ’ಯ ಪಕ್ಕದಲ್ಲಿ ಫಾರಸಿ ಮೂಲದ ‘ಕಾರಖಾನಿ’ ತನ್ನ ಸ್ಥಾನವನ್ನು ಬಿಟ್ಟುಕೊಟ್ಟಿಲ್ಲ.

‘ಸ್ಟೇಷನ್’ ವಿಶೇಷ ಗಮನಕ್ಕೆ ಅರ್ಹ. 19ನೆಯ ಶತಮಾನದ ಉತ್ತರಾರ್ಧದಲ್ಲಿ ಸದರ್ನ್ ಮರಾಠಾ ರೈಲ್ವೆಯು ಮೀರಜ-ಬೆಳಗಾವಿ ಮಾರ್ಗವನ್ನು ಹಾಕಿದಾಗ ಶೇಡಬಾಳ, ಉಗಾರ, ಕುಡಚಿ, ರಾಯಬಾಗ, ಚಿಕ್ಕೋಡಿ ರೋಡ್‌ಗಳ ಜೊತೆಗೆ ಈ ಪದವೂ ಊರ ಮಾತಿಗೆ ಸೇರಿತು. ನಿಲ್ಲುವುದು ಎಂಬರ್ಥದ ಲ್ಯಾಟಿನ್ ‘ಸ್ತಾರೆ’ ಅದರ ಬೇರು. ಸಂಸ್ಕೃತದ ‘ಸ್ಥಾ’ ಧಾತು ಅದರ ಸೋದರ. ‘ಸ್ಥಾನ’ ಪ್ರಾಕೃತದಲ್ಲಿ ಮೂರ್ಧನ್ಯವಾಗಿ ‘ಠಾಣ’ವಾಯಿತು, ನಮ್ಮಲ್ಲಿ ‘ಠಾಣೆ’ಯಾಯಿತು. ಪೊಲೀಸ್ ಸ್ಟೇಷನ್ ಎಂದರೂ ಪೊಲೀಸ್ ಠಾಣೆ ಎಂದರೂ ನಾವು ಹೇಳುತ್ತಿರುವುದು ಒಂದೇ ಧಾತುವಿನ ಎರಡು ಮಕ್ಕಳನ್ನು.

6. ಜೋಡಿಪದಗಳು

ಒಂದೇ ಲ್ಯಾಟಿನ್ ಪದ ಎರಡು ದಾರಿಗಳಿಂದ ಒಂದೇ ಊರಿಗೆ ಬಂದಾಗ ಅರ್ಥಗಳು ಕೆಲಸವನ್ನು ಹಂಚಿಕೊಳ್ಳುತ್ತವೆ. ಗುರು, ಮುಖ್ಯಸ್ಥ ಎಂಬರ್ಥದ ‘ಮಗಿಸ್ತೆರ್’ ಪೋರ್ಚುಗೀಸಿನಲ್ಲಿ ‘ಮೆಸ್ತ್ರೆ’ಯಾಗಿ, ನಮ್ಮಲ್ಲಿ ಗೌಂಡಿಗಳ ಅಥವಾ ಬಡಿಗರ ಮುಖ್ಯನಾದ ‘ಮೇಸ್ತ್ರಿ’, ‘ಮಿಸ್ತ್ರಿ’ಯಾಯಿತು. ಅದೇ ಪದ ಇಂಗ್ಲಿಷಿನಲ್ಲಿ ‘ಮಾಸ್ಟರ್’ ಆಗಿ, ಮುಂಬಯಿ ಪ್ರಾಂತ್ಯದ ಶಾಲೆಗಳ ಮೂಲಕ ‘ಮಾಸ್ತರ’ ಆಯಿತು. ಕೈಕಸುಬಿನ ಹಿರಿಯನು ಮೇಸ್ತ್ರಿ, ಅಕ್ಷರ ಕಲಿಸುವವನು ಮಾಸ್ತರ. ಪೋರ್ಚುಗೀಸರು ಕರಾವಳಿಯಲ್ಲಿ ಕಟ್ಟಿದ್ದು ಕೋಟೆ, ಇಗರ್ಜಿ, ಹಡಗುಗಳನ್ನು. ಇಂಗ್ಲಿಷರು ತಂದದ್ದು ಶಾಲೆಯ ವ್ಯವಸ್ಥೆಯನ್ನು. ಒಂದೇ ಪದದ ಎರಡು ಅರ್ಥಗಳಲ್ಲಿ ಎರಡು ವಸಾಹತುಗಳ ಕಾರ್ಯಕ್ಷೇತ್ರ ಅಚ್ಚಾಗಿದೆ.

ಚಹದ ‘ಕಪ್ಪು-ಬಸಿ’ ಇನ್ನೊಂದು ಬಗೆಯ ಜೋಡಿ. ‘ಕಪ್ಪು’ ಉತ್ತರಕಾಲೀನ ಲ್ಯಾಟಿನ್ನಿನ ‘ಕುಪ್ಪಾ’ದಿಂದ ಇಂಗ್ಲಿಷಿನ ಮೂಲಕ ಬಂದದ್ದು. ‘ಬಸಿ’ಯನ್ನು ಬೋಗುಣಿ ಎಂಬರ್ಥದ ಪೋರ್ಚುಗೀಸ್ ‘ಬಸೀಯ’ಕ್ಕೆ ಸಂಬಂಧಿಸುವುದು ರೂಢಿ, ಅದರ ಹಿಂದೆಯೂ ಉತ್ತರಕಾಲೀನ ಲ್ಯಾಟಿನ್ ಪದವೊಂದಿದೆ. ಈ ಸಂಬಂಧವನ್ನು ಒಪ್ಪಿದರೆ, ಗೋವೆಯ ದಾರಿಯೂ ಮುಂಬಯಿಯ ದಾರಿಯೂ ಒಂದು ಸಮಾಸಪದದಲ್ಲಿ ಕೂಡಿವೆ ಎಂದಾಗುತ್ತದೆ. ಹಾಗೆಯೇ ‘ಪಗಾರ’ ಮತ್ತು ಇಂದು ಸಕ್ಕರೆ ಕಾರಖಾನೆಯ ಬಿಲ್ಲಿನ ಮಾತಿನಲ್ಲಿ ಕೇಳಿಬರುವ ‘ಪೇಮೆಂಟು’ ಎರಡೂ ‘ಪಾಕಾರೆ’ಯ ಸಂತಾನವೇ. ಕೂಲಿಗೆ ಪಗಾರ, ಕಬ್ಬಿಗೆ ಪೇಮೆಂಟು.

7. ಹೋಲಿಕೆಯ ಮೋಸ

ಸಂಶೋಧಕರು ಜಾರಿಬೀಳುವ ಸ್ಥಳಗಳೂ ಇಲ್ಲಿಯೇ ಇವೆ. ನಮ್ಮ ‘ಕೀಲಿ’ಗೂ ಇಂಗ್ಲಿಷಿನ ‘ಕೀ’ಗೂ ಧ್ವನಿಯೂ ಅರ್ಥವೂ ಹತ್ತಿರವಾದರೂ ಸಂಬಂಧವಿಲ್ಲ, ಮೊದಲನೆಯದು ‘ಕೀಲ’ದ ಬಳಗ, ಎರಡನೆಯದು ಪ್ರಾಚೀನ ಇಂಗ್ಲಿಷಿನದೇ ಪದ. ‘ರಸೀದಿ’ಯನ್ನು ಇಂಗ್ಲಿಷಿನ ‘ರಿಸೀಟ್’ನ ಅಪಭ್ರಂಶವೆಂದು ತಿಳಿಯುವವರಿದ್ದಾರೆ. ಅದು ತಲುಪುವುದು ಎಂಬರ್ಥದ ಫಾರಸಿ ‘ರಸೀದನ್’ನಿಂದ ಬಂದದ್ದು, ರಿಸೀಟ್ ಆದರೋ ಲ್ಯಾಟಿನ್ನಿನ ‘ರೆಕಿಪೆರೆ’ಯಿಂದ. ಸರಕು ತಲುಪಿತೆಂಬುದಕ್ಕೂ ಸ್ವೀಕರಿಸಿದೆನೆಂಬುದಕ್ಕೂ ಕೊಡುವ ಚೀಟಿ ಒಂದೇ ಆದುದರಿಂದ ಎರಡು ಪದಗಳು ಹತ್ತಿರ ಬಂದಿವೆ.

‘ಸಾಬೂನು’ ಪೋರ್ಚುಗೀಸಿನ ‘ಸಬಾಂವ್’ನಿಂದ ಬಂದಿತೆಂಬ ಹೇಳಿಕೆ ಪ್ರಚಲಿತವಾಗಿದೆ. ಆದರೆ ‘ಪಾಂವ್’ ಪದಕ್ಕೆ ‘ಪಾವು’, ‘ಲೈಲಾಂವ್’ ಪದಕ್ಕೆ ‘ಲಿಲಾವು’ ಎಂಬ ಸಾದೃಶ್ಯವನ್ನು ಒಪ್ಪಿದ ಮೇಲೆ ‘ಸಬಾಂವ್’ ಪದಕ್ಕೆ ನಾವು ‘ಸಬಾವು’ ಎಂಬಂಥ ರೂಪವನ್ನು ನಿರೀಕ್ಷಿಸಬೇಕು. ನಮ್ಮ ಪದದ ‘ಊನು’ ಅರಬ್ಬಿ-ಫಾರಸಿಯ ‘ಸಾಬೂನ್’ಗೆ ನೇರವಾಗಿ ಹೊಂದುತ್ತದೆ. ಆದಕಾರಣ ಕನ್ನಡ ರೂಪದ ಮಟ್ಟಿಗೆ ಪೂರ್ವದ ದಾರಿಯನ್ನೇ ನಾವು ಒಪ್ಪುತ್ತೇವೆ. ಅರಬ್ಬಿಯ ಹಿಂದೆ ಗ್ರೀಕ್, ಗ್ರೀಕಿನ ಹಿಂದೆ ಲ್ಯಾಟಿನ್ನಿನ ‘ಸಾಪೋ’ ಇದೆ. ಆದರೆ ಪ್ಲಿನಿಯು ಒಂದನೆಯ ಶತಮಾನದಲ್ಲಿ ಉಲ್ಲೇಖಿಸುವ ಈ ‘ಸಾಪೋ’ ಸ್ವತಃ ಉತ್ತರದ ಜರ್ಮಾನಿಕ್ ಭಾಷೆಗಳಿಂದ ಬಂದ ಎರವಲೆಂದು ತಿಳಿಯಲಾಗಿದೆ. ಹೀಗಾಗಿ ಇಂಗ್ಲಿಷಿನ ‘ಸೋಪ್’ ಲ್ಯಾಟಿನ್ನಿಗೆ ಋಣಿಯಲ್ಲ. ಇಲ್ಲಿ ಲ್ಯಾಟಿನ್ನೇ ಋಣಿ.

‘ತಂಬಾಕು’ ಪದಕ್ಕೂ ಲ್ಯಾಟಿನ್ ಬೇರಿಲ್ಲ; ಅಮೆರಿಕದ ದ್ವೀಪವಾಸಿಗಳ ಪದವೊಂದು ಐಬೀರಿಯದ ಭಾಷೆಗಳ ಮೂಲಕ ಫಾರಸಿಗೂ ನಮಗೂ ಬಂದಿತೆಂಬುದು ಸಾಮಾನ್ಯ ಮತ. ಅಕ್ಬರನ ದೂತ ಅಸದ್ ಬೇಗನು 17ನೆಯ ಶತಮಾನದ ಮೊದಲ ದಶಕದಲ್ಲಿ ಹೊಗೆಸೊಪ್ಪನ್ನು ಕಂಡು ದರಬಾರಿಗೆ ಕೊಂಡೊಯ್ದದ್ದು ವಿಜಯಪುರದಿಂದಲೇ. ಕನ್ನಡವು ಪದವನ್ನು ಪಡೆದುದಲ್ಲದೆ ‘ಹೊಗೆಸೊಪ್ಪು’ ಎಂಬ ಸ್ವಂತ ಹೆಸರನ್ನೂ ಕಟ್ಟಿಕೊಂಡಿತು.

8. ಪದಗಳೂ ಗಡಿಯೂ

ಕಾಗವಾಡಕ್ಕೆ ಸಮೀಪದ, ಸಾಂಗಲಿ ಜಿಲ್ಲೆಯ ಕುಪವಾಡ ಗ್ರಾಮವನ್ನು ಕುರಿತು ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ ಅಧ್ಯಯನ ಭಾಷಾವಿಜ್ಞಾನಿಗಳಿಗೆ ಸುಪರಿಚಿತ. ಅಲ್ಲಿಯ ಕನ್ನಡ, ಮರಾಠಿ, ಉರ್ದುಗಳ ವಾಕ್ಯರಚನೆ ಬಹುಮಟ್ಟಿಗೆ ಒಂದಾಗಿದ್ದರೂ ಪದರೂಪಗಳು ಬೇರೆಯಾಗಿಯೇ ಉಳಿದು ಸಮುದಾಯಗಳ ಗುರುತನ್ನು ಕಾಯ್ದಿವೆ ಎಂಬುದು ಅವರ ಮುಖ್ಯ ನಿರ್ಣಯ. ನಾವು ಮೇಲೆ ಚರ್ಚಿಸಿದ ಪದಗಳು ಈ ಚಿತ್ರಕ್ಕೆ ಒಂದು ಅಂಶವನ್ನು ಸೇರಿಸುತ್ತವೆ. ಪಗಾರ, ಚಾವಿ, ಕಂದೀಲು, ಮಾಸ್ತರ, ಮೈಲುಗಳು ಸೀಮೆಯ ಎಲ್ಲ ಭಾಷೆಗಳಿಗೂ ಸಮಾನವಾದುದರಿಂದ ಅವು ಯಾರ ಗುರುತೂ ಆಗಲಾರವು. ಗುರುತು ಉಳಿದಿರುವುದು ಅವುಗಳಿಗೆ ಹತ್ತುವ ಪ್ರತ್ಯಯಗಳಲ್ಲಿ: ಅದೇ ‘ಚಾವಿ’ ಮರಾಠಿಯವನ ಬಾಯಲ್ಲಿ ಸ್ತ್ರೀಲಿಂಗದ ವಿಶೇಷಣವನ್ನು ಬೇಡುತ್ತದೆ, ಕನ್ನಡಿಗನ ಬಾಯಲ್ಲಿ ‘ಚಾವಿಗೆ’, ‘ಚಾವಿಯಿಂದ’ ಎಂದು ನಮ್ಮ ವಿಭಕ್ತಿಗಳನ್ನು ತೊಡುತ್ತದೆ.

ಈ ಮಾತಿಗೆ ವಿದ್ವತ್ತಿನಾಚೆಗಿನ ಪರಿಣಾಮವಿದೆ. 1966ರಲ್ಲಿ ನೇಮಕಗೊಂಡು 1967ರಲ್ಲಿ ವರದಿ ಸಲ್ಲಿಸಿದ ಮಹಾಜನ ಆಯೋಗದ ಕಾಲದಿಂದ ಇಂದಿನವರೆಗೂ ಈ ನೆಲದ ಭಾಷೆ ಯಾವುದೆಂಬ ವಾದ ಮುಗಿದಿಲ್ಲ. ಇಂಥ ವಾದಗಳಲ್ಲಿ ಊರ ಮಾತಿನಲ್ಲಿಯ ‘ಮರಾಠಿ ಪದ’ಗಳನ್ನು ಒಬ್ಬರು ಸಾಕ್ಷಿಯಾಗಿ ಎತ್ತಿಕೊಂಡರೆ, ಇನ್ನೊಬ್ಬರು ಅವುಗಳನ್ನು ಕಳೆಯಂತೆ ಕಿತ್ತೊಗೆಯಬಯಸುತ್ತಾರೆ. ಪಗಾರವು ಮರಾಠಿಯ ಮೂಲಕ ಬಂದಿದೆ ನಿಜ. ಆದರೆ ಮರಾಠಿಗೂ ಅದು ಅತಿಥಿಯೇ. ಸಮೀಪಮೂಲವನ್ನು ಒಡೆತನವೆಂದು ಬಗೆಯುವುದು ನಿರುಕ್ತಶಾಸ್ತ್ರದ ದುರುಪಯೋಗ. ಪದಪಟ್ಟಿಯಿಂದ ಗಡಿರೇಖೆ ಎಳೆಯಲಾಗದು.

ಸಂಚಾರ ಒಮ್ಮುಖವಾದುದೂ ಅಲ್ಲ. ಕೃಷ್ಣಾ ತೀರದ ಕಬ್ಬಿನ ಈ ಸೀಮೆಯಲ್ಲಿ ಅದನ್ನು ಮರೆಯುವುದು ಅಸಾಧ್ಯ. ಸಂಸ್ಕೃತದ ‘ಶರ್ಕರಾ’ ಪ್ರಾಕೃತದ ಮೂಲಕ ನಮ್ಮಲ್ಲಿ ‘ಸಕ್ಕರೆ’ಯಾಯಿತು, ಅದೇ ಪದ ಪಶ್ಚಿಮಕ್ಕೆ ಹೊರಟು ಗ್ರೀಕಿನಲ್ಲಿ, ಪ್ಲಿನಿಯ ಲ್ಯಾಟಿನ್ನಿನಲ್ಲಿ ಕಾಣಿಸಿಕೊಂಡಿತು, ಮತ್ತೊಮ್ಮೆ ಫಾರಸಿ, ಅರಬ್ಬಿಗಳ ದಾರಿಯಿಂದ ಮಧ್ಯಯುಗದ ಯುರೋಪನ್ನು ತಲುಪಿ ಇಂಗ್ಲಿಷಿನ ‘ಶುಗರ್’ ಆಯಿತು. ಬೆಲ್ಲಕ್ಕೆ ಇಂಗ್ಲಿಷಿನಲ್ಲಿರುವ ‘ಜ್ಯಾಗರಿ’ಯೂ ದಕ್ಷಿಣ ಭಾರತದಿಂದ ಪೋರ್ಚುಗೀಸರು ಕೊಂಡೊಯ್ದ ಅದೇ ಶರ್ಕರೆಯ ರೂಪ. ಕಾಂಡೇಲಾ ಕಂದೀಲಾಗಿ ಇತ್ತ ಬಂದ ದಾರಿಯಲ್ಲಿಯೇ ಸಕ್ಕರೆ ಅತ್ತ ಹೋಗಿದೆ.

ಕೊನೆಯದಾಗಿ ಒಂದು ಕರ್ತವ್ಯವನ್ನು ಸೂಚಿಸಬಯಸುತ್ತೇವೆ. ಈ ಪದಗಳು ವಸ್ತುಗಳಿಗೆ ಅಂಟಿಕೊಂಡು ಬಂದವು. ವಸ್ತುಗಳ ಜೊತೆಗೇ ಹೊರಡುತ್ತಿವೆ. ವಿದ್ಯುದ್ದೀಪ ಬಂದ ಮೇಲೆ ಕಂದೀಲು ಅಟ್ಟ ಸೇರಿದೆ. ಮೀಟರು ಬಂದ ಮೇಲೆ ಮೈಲು ಗಾದೆಗಳಲ್ಲಿ ಉಳಿದಿದೆ. ಲಿಲಾವಿನ ಕೂಗಿನ ಸ್ಥಾನವನ್ನು ಗಣಕಯಂತ್ರ ಆಕ್ರಮಿಸುತ್ತಿದೆ. 1894ರಲ್ಲಿ ಮಂಗಳೂರಿನಿಂದ ಹೊರಬಂದ ಕಿಟ್ಟೆಲ್ ಕೋಶವೂ 1857ರಲ್ಲಿ ಎರಡನೆಯ ಆವೃತ್ತಿ ಕಂಡ ಮೋಲ್ಸ್‌ವರ್ಥ್ ಮರಾಠಿ ಕೋಶವೂ ನಮ್ಮ ನಿತ್ಯದ ಆಕರಗಳಾಗಿವೆ. ಆದರೆ ಯಾವ ಪದವನ್ನು ಯಾರು, ಯಾವ ಕೆಲಸದ ನಡುವೆ, ಯಾವ ಉಚ್ಚಾರದಲ್ಲಿ ಬಳಸುತ್ತಾರೆ ಎಂಬುದನ್ನು ಕೋಶಗಳು ಹೇಳಲಾರವು. ನಿಪ್ಪಾಣಿಯ ವಖಾರ, ಅಥಣಿಯ ಚಪ್ಪಲಿ ಕಸುಬಿನವರ ಓಣಿ, ರಾಯಬಾಗದ ಗಾಣದ ಮನೆಗಳಿಂದ ಈ ಮಾತುಗಳನ್ನು ಧ್ವನಿಸಹಿತ ಸಂಗ್ರಹಿಸುವ ಕೆಲಸಕ್ಕೆ ಸಂಶೋಧನಾರ್ಥಿಗಳು ಕೈಹಾಕಬೇಕು. ‘ಸಬಾವು’ ಆಗಬೇಕಿತ್ತೋ ‘ಸಾಬೂನು’ ಆಗಬೇಕಿತ್ತೋ ಎಂಬಂಥ ಪ್ರಶ್ನೆಗಳನ್ನು ನಿರ್ಣಯಿಸುವುದು ಅಂತಿಮವಾಗಿ ಆಡುವವರ ಬಾಯಲ್ಲಿ ಉಳಿದಿರುವ ಒಂದೊಂದು ಸ್ವರವೇ.